‘ಮಂದೆ?’ ಅಂದರೆ ಅಪ್ಪಣೆಯಾ, ಕುರಿಮಂದೆಯಾ?

ಅಲೆಮಾರಿ_ಹಾಸನ:

ಎಲ್ಲರಿಗೂ ನಮಸ್ಕಾರ. ನಾನು ಮೆಕ್ಸಿಕೊದ ಗ್ವಾದಲಹಾರಕ್ಕೆ ಬಂದು ಎಂಟು ತಿಂಗಳಾಯಿತು. ಸ್ಪ್ಯಾನಿಷ್ ಇನ್ನೂ ಅಷ್ಟಕ್ಕಷ್ಟೆ. ಅಂಗಡಿ, ಟ್ಯಾಕ್ಸಿ ಮಟ್ಟಕ್ಕೆ ಸಾಲುತ್ತದೆ.

ನಮ್ಮ ಕೆಳಗಿನ ಮನೆಯಲ್ಲಿ ಏಳೆಂಟು ವರ್ಷದ ಹುಡುಗನೊಬ್ಬ ಇದ್ದಾನೆ. ಅವನ ಅಜ್ಜಿ ಹಿತ್ತಲಿನಿಂದ ಹೆಸರು ಹಿಡಿದು ಕೂಗಿದರೆ ಒಳಗಿಂದ ಉತ್ತರ ಬರುತ್ತದೆ: ‘ಮಂದೆ?’ ಮೊದಲ ಸಲ ಕೇಳಿದಾಗ ನನಗೆ ಕುರಿಮಂದೆಯೇ ಕಣ್ಣಿಗೆ ಕಟ್ಟಿತು. ಆಫೀಸಿನಲ್ಲಿ ವಿಚಾರಿಸಿದೆ. ‘ಮಂದಾರ್’ ಅಂತ ಒಂದು ಕ್ರಿಯಾಪದ, ‘ಮಂದೆ’ ಅದರ ಮರ್ಯಾದೆಯ ರೂಪ, ಅಂದರೆ ‘ಅಪ್ಪಣೆ ಮಾಡಿ’ ಅಂದರು. ಯಾರಾದರೂ ಕರೆದಾಗ, ಅಥವಾ ಹೇಳಿದ್ದು ಕೇಳಿಸದಿದ್ದಾಗ ಹೀಗೆ ಅನ್ನಬೇಕಂತೆ. ‘ಕೇ?’ ಅಂದರೆ ‘ಏನು?’ ಅಂತ. ಹಾಗೆ ಒರಟಾಗಿ ಕೇಳಿದರೆ ಅಮ್ಮಂದಿರು ಬೈಯುತ್ತಾರಂತೆ.

ಸರಿ ಅಂದುಕೊಂಡೆ. ಅದೇ ವಾರ ಹಾರ್ಡ್‌ವೇರ್ ಅಂಗಡಿಯವನು ಬಿಲ್ಲನ್ನು ವಾಟ್ಸಾಪಿಗೆ ‘ಮಂದೊ’ ಅಂದ. ಕಳಿಸುತ್ತೇನೆ ಅಂತ ಅರ್ಥ. ಭಾನುವಾರ ಪಕ್ಕದ ಮನೆಯಲ್ಲಿ ಗಂಡ ಹೆಂಡತಿ ಜಗಳ. ‘ಆಕೀ ಮಂದೊ ಯೊ!’ ಅಂತ ಆಯಮ್ಮ ಕೂಗಿದ್ದು ಬೀದಿಗೆಲ್ಲ ಕೇಳಿಸಿತು. ಇಲ್ಲಿ ನಾನು ಹೇಳಿದ್ದೇ ನಡೆಯಬೇಕು ಅಂತ. ಸಾಲದ್ದಕ್ಕೆ ದಿನಸಿ ತರಲು ಹೊರಟರೆ ‘ಮಂದಾದೊ’ಗೆ ಹೋಗುತ್ತೇನೆ ಅನ್ನುತ್ತಾರೆ.

ಆಳುವುದು, ಅಪ್ಪಣೆ ಮಾಡುವುದು, ಕಳಿಸುವುದು, ಈರುಳ್ಳಿ ಟೊಮೆಟೊ ತರುವುದು. ಒಂದೇ ಪದ ಇಷ್ಟೆಲ್ಲ ಹೊರೆ ಹೇಗೆ ಹೊರುತ್ತದೆ? ತಿಳಿದವರು ಹೇಳಿ.

ಪದಕುತೂಹಲಿ:

ಒಳ್ಳೆ ಪ್ರಶ್ನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೈಕೋಬೇಡಿ.

ಇದರ ಅಜ್ಜಿ ಲ್ಯಾಟಿನ್‌ನ ‘ಮಂದಾರೆ’. ಸಾಮಾನ್ಯವಾಗಿ ಕೊಡುವ ವಿವರಣೆ ಹೀಗೆ: ‘ಮನುಸ್’ ಅಂದರೆ ಕೈ, ‘ದಾರೆ’ ಅಂದರೆ ಕೊಡುವುದು. ನಮಗೆ ಸಂಸ್ಕೃತದಿಂದ ಬಂದ ‘ದಾನ’ದ ‘ದಾ’ ಇದೆಯಲ್ಲ, ಅದು ಈ ‘ದಾರೆ’ಗೆ ದಾಯಾದಿ. ಹಾಗಾಗಿ ‘ಮಂದಾರೆ’ಯ ಮೊದಲ ಅರ್ಥ ಆಳುವುದೂ ಅಲ್ಲ, ಗದರಿಸುವುದೂ ಅಲ್ಲ. ಕೈಗೊಪ್ಪಿಸುವುದು. ‘ತಗೋ, ಇದು ನಿನ್ನ ಜವಾಬ್ದಾರಿ, ನೋಡ್ಕೋ’ ಅನ್ನುವುದು.

ಕೈಗೊಪ್ಪಿಸಿದ ಮೇಲೆ ‘ಹೀಗೆ ಮಾಡು’ ಅಂತ ಹೇಳಿಯೇ ಹೇಳುತ್ತೇವೆ. ಅಲ್ಲಿಗೆ ಅಪ್ಪಣೆ ಬಂತು. ಅಪ್ಪಣೆಯಿಂದ ‘ಕಳಿಸು’ ಹೇಗೆ ಬಂತು ಅನ್ನುವುದು ಯುರೋಪಿನವರಿಗೆ ಒಗಟು ಅನ್ನಿಸಬಹುದು. ನಮಗೆ ಸುಲಭ. ನಮ್ಮಲ್ಲಿ ‘ಹೇಳಿಕಳಿಸು’ ಅಂತ ಒಂದು ಮಾತಿದೆ. ‘ಗೌಡರು ಹೇಳಿಕಳಿಸಿದ್ದಾರೆ’ ಅಂದರೆ ಅದರಲ್ಲಿ ಮಾತೂ ಇದೆ, ಆಳೂ ಇದ್ದಾನೆ, ಬರಲೇಬೇಕು ಅನ್ನುವ ಅಪ್ಪಣೆಯೂ ಇದೆ. ಸ್ಪ್ಯಾನಿಷ್‌ನಲ್ಲೂ ಇದೇ ಜೋಡಿ, ‘ಮಂದಾರ್ ದೆಸಿರ್’. ದೆಸಿರ್ ಅಂದರೆ ಹೇಳು. ದೂರದಲ್ಲಿರುವವನಿಗೆ ಅಪ್ಪಣೆ ಮುಟ್ಟಬೇಕಾದರೆ ಯಾರನ್ನಾದರೂ ಅಟ್ಟಲೇಬೇಕು. ಹೀಗೆ ಅಪ್ಪಣೆಯ ಪದವೇ ಅಟ್ಟುವ ಪದವೂ ಆಯಿತು.

ಆಮೇಲೆ ಆಸ್ತಿ ಪಾಲಾದ ಹಾಗೆ ಮಕ್ಕಳು ಹಂಚಿಕೊಂಡರು. ಸ್ಪ್ಯಾನಿಷ್, ಪೋರ್ಚುಗೀಸ್ ಎರಡೂ ಅರ್ಥ ಇಟ್ಟುಕೊಂಡವು. ಇಟಾಲಿಯನ್ ‘ಕಳಿಸು’ ಭಾಗವನ್ನಷ್ಟೇ ತೆಗೆದುಕೊಂಡಿತು ಅನ್ನಬಹುದು. ಕತಲಾನ್‌ನಲ್ಲಿ ‘ದ’ ಉದುರಿ ‘ಮನಾರ್’ ಆಯಿತು, ಅಲ್ಲಿ ಅದು ಅಪ್ಪಣೆಗೇ ಮೀಸಲು. ಫ್ರೆಂಚರ ‘ಮಾಂದೇ’ ಈಗ ಅಟ್ಟದ ಮೇಲಿನ ಪಾತ್ರೆ, ಹಳೆ ಬರಹದಲ್ಲಿ ಬಿಟ್ಟರೆ ಇಲ್ಲ. ಅದರ ಜಾಗಕ್ಕೆ ‘ಕೊಮಾಂದೇ’ ಬಂದಿದೆ. ಸೈನ್ಯಕ್ಕೂ ಅದೇ, ಹೋಟೆಲಿನಲ್ಲಿ ಕಾಫಿ ಹೇಳುವುದಕ್ಕೂ ಅದೇ. ರೊಮೇನಿಯನ್‌ನವರು ಮಾತ್ರ ಅಪ್ಪಣೆಗೆ ಸ್ಲಾವ್ ಕಡೆಯ ‘ಪೊರುಂಚಿ’ ಅನ್ನುವ ಪದ ತಂದುಕೊಂಡರು. ಆದರೆ ಆಳುವುದಕ್ಕೆ ‘ದೊಮ್ನಿ’ ಅನ್ನುತ್ತಾರೆ, ಅದು ಲ್ಯಾಟಿನ್‌ನ ‘ದೊಮಿನುಸ್’, ಅಂದರೆ ಒಡೆಯ ಅನ್ನುವ ಪದದಿಂದ ಬಂದದ್ದು.

ಮಂದಾದೊ ಅಂದರೆ ‘ಹೇಳಿ ಕಳಿಸಿದ ಕೆಲಸ’. ಅಮ್ಮ ಕೈಗೆ ಚೀಲ ಕೊಟ್ಟು ಅಂಗಡಿಗೆ ಓಡಿಸುತ್ತಿರಲಿಲ್ಲವಾ, ಅದೇ.

ಮಿಲಾನ್_ಮಲ್ಲಿಗೆ:

ಕುತೂಹಲಿ ಸರ್ ಹೇಳಿದ ಇಟಾಲಿಯನ್ ವಿಷಯ ನನ್ನ ಮೇಲೇ ಪ್ರಯೋಗವಾಗಿದೆ. ಬೆಂಗಳೂರಿನಲ್ಲಿದ್ದಾಗ ಎರಡು ವರ್ಷ ಸ್ಪ್ಯಾನಿಷ್ ಕಲಿತಿದ್ದೆ. ಇಲ್ಲಿಗೆ ಬಂದ ಹೊಸದರಲ್ಲಿ ಆ ಗತ್ತಿನಲ್ಲೇ ಒಂದು ಕಚೇರಿಗೆ ಹೋದೆ. ಕೌಂಟರಿನಲ್ಲಿ ಅರ್ಧ ಗಂಟೆ ನಿಂತರೂ ಯಾರೂ ತಿರುಗಿ ನೋಡಲಿಲ್ಲ. ಸಿಟ್ಟು ಬಂತು. ‘ಕೀ ಮಂದಾ ಕ್ವೀ?’ ಅಂತ ಜೋರಾಗಿಯೇ ಕೇಳಿದೆ. ಇಲ್ಲಿ ಯಜಮಾನರು ಯಾರು ಅಂತ ನನ್ನ ಲೆಕ್ಕ. ಅವರ ಕಿವಿಗೆ ಬಿದ್ದದ್ದು ‘ಇಲ್ಲಿ ಯಾರು ಕಳಿಸುತ್ತಾರೆ?’ ಅಂತ. ಆಯಮ್ಮ ತುಂಬ ವಿನಯದಿಂದ ಎದ್ದು ಬೀದಿಯಾಚೆಯ ಅಂಚೆ ಕಚೇರಿ ತೋರಿಸಿದರು.

ಯಜಮಾನಿಕೆಗೆ ಇಲ್ಲಿ ‘ಕೊಮಾಂದಾರೆ’ ಅನ್ನಬೇಕು. ಮೆಕ್ಸಿಕೊದ ‘ಮಂದೆ’ಗೆ ಇಲ್ಲೂ ಒಬ್ಬ ತಮ್ಮ ಇದ್ದಾನೆ. ವೆನೆಟೊ ಕಡೆಯ ವಯಸ್ಸಾದವರು ಕರೆದಾಗ ‘ಕೊಮಾಂದಿ!’ ಅನ್ನುವುದುಂಟು. ನಮ್ಮ ಕಟ್ಟಡದ ಕಾವಲುಗಾರ ಆ ಕಡೆಯವರು. ಅವರ ಬಾಯಲ್ಲಿ ಕೇಳಿದ್ದೇನೆ. ಹುಡುಗರು ಅದನ್ನು ಕೇಳಿ ನಗುತ್ತಾರೆ.

ಬಾರ್ಸಿಲೋನಾ_ಬಿಸಿಬೇಳೆ:

ಕತಲಾನ್ ಹೆಸರು ಬಂದದ್ದಕ್ಕೆ ಹಾಜರಿ ಹಾಕುತ್ತಿದ್ದೇನೆ. ‘ಕೀ ಪಾಗಾ, ಮಾನಾ’ ಅಂತ ಇಲ್ಲೊಂದು ಗಾದೆ. ದುಡ್ಡು ಕೊಡುವವನೇ ಹೇಳುವವನು. ಅಂದ ಹಾಗೆ ಸ್ಪೇನ್‌ನಲ್ಲಿ ಟಿವಿ ರಿಮೋಟಿಗೆ ‘ಮಂದೊ’ ಅನ್ನುತ್ತಾರೆ. ಮನೆಯಲ್ಲಿ ಮಂದೊ ಯಾರ ಕೈಯಲ್ಲಿದೆಯೋ ಅವರದೇ ಆಳ್ವಿಕೆ. ನಮ್ಮಲ್ಲಿ ಅದು ಐದು ವರ್ಷದ ಮಗಳ ಕೈಯಲ್ಲಿದೆ.

ಶಾಲೆಮೇಷ್ಟ್ರು:

‘ಮಂದೆ’ಯ ಬಗ್ಗೆ ಓದುತ್ತಿದ್ದಂತೆ ನನಗೆ ನಮ್ಮ ಮನೆಯ ಮಾತೇ ನೆನಪಾಯಿತು. ನಮ್ಮ ತಾತ ಹಿರಿಯರ ಜೊತೆ ಮಾತಾಡುವಾಗ ಏನಾದರೂ ಕೇಳಿಸದಿದ್ದರೆ ‘ಏನು ಅಪ್ಪಣೆ ಕೊಡಿಸಿದಿರಿ?’ ಅನ್ನುತ್ತಿದ್ದರು. ಅಲ್ಲಿ ಯಾರೂ ಯಾರಿಗೂ ಅಪ್ಪಣೆ ಮಾಡಿರುವುದಿಲ್ಲ. ‘ಮಳೆ ಬರೋ ಹಾಗಿದೆ’ ಅಂದಿರುತ್ತಾರೆ ಅಷ್ಟೆ. ಮಠಗಳಲ್ಲಿ ಇವತ್ತಿಗೂ ‘ಸ್ವಾಮಿಗಳು ಹೀಗೆ ಅಪ್ಪಣೆ ಕೊಡಿಸಿದರು’ ಅಂದರೆ ‘ಹೀಗೆ ಹೇಳಿದರು’ ಅಂತಲೇ. ದೊಡ್ಡವರ ಮಾತೆಲ್ಲ ಅಪ್ಪಣೆ ಅನ್ನುವ ಲೆಕ್ಕ. ಹೊರಡುವಾಗ ‘ಅಪ್ಪಣೆ ಕೊಡಿ, ಬರ್ತೀನಿ’ ಅನ್ನುವುದೂ ಇದೇ ದಾರಿಯದು.

ಮೆಕ್ಸಿಕೊದ ಹುಡುಗ ನಮ್ಮ ತಾತನ ಹಾಗೆ ಮಾತಾಡುತ್ತಾನೆ ಅಂದರೆ ಖುಷಿ ಆಗುತ್ತದೆ.

ಕೆಂಪುಮಣ್ಣು:

ಮೇಷ್ಟ್ರೇ, ನಿಮಗೆ ಖುಷಿ. ನನಗೆ ಹೊಟ್ಟೆಯಲ್ಲಿ ಸ್ವಲ್ಪ ಕಿವುಚಿದ ಹಾಗಾಯಿತು.

ನಮ್ಮಜ್ಜ ಗೌಡರ ಮನೆಯ ಜಗಲಿಯ ಕೆಳಗೆ ನಿಂತು ‘ಬುದ್ಧೀ’ ಅನ್ನುತ್ತಿದ್ದ. ಹೆಗಲ ಮೇಲಿನ ಟವೆಲ್ ಕಂಕುಳಿಗೆ ಬರುತ್ತಿತ್ತು. ಗೌಡರು ಒಳ್ಳೆಯವರೇ, ಇಲ್ಲ ಅನ್ನಲ್ಲ. ಆದರೆ ಅಜ್ಜ ಹೇಳಿದ್ದು ಕೇಳಿಸದಿದ್ದರೆ ಅವರು ‘ಏನ್ಲಾ?’ ಅನ್ನುತ್ತಿದ್ದರು. ‘ಅಪ್ಪಣೆ ಕೊಡಿಸು’ ಅಂತ ಒಂದು ದಿನವೂ ಅನ್ನಲಿಲ್ಲ. ಮಾತು ಮರ್ಯಾದೆಯದೋ ಗುಲಾಮಗಿರಿಯದೋ ಅಂತ ನೋಡಬೇಕಾದರೆ ಅದು ಎರಡೂ ಕಡೆಗೆ ಹರಿಯುತ್ತದಾ ಅಂತ ನೋಡಬೇಕು. ಸ್ಪೇನಿನವರು ಮೆಕ್ಸಿಕೊ ಆಳಿದ್ದು ಮುನ್ನೂರು ವರ್ಷ. ‘ಮಂದೆ’ ಅಲ್ಲಿನ ಮೂಲನಿವಾಸಿಗಳಿಗೆ ಕಲಿಸಿದ ಪಾಠ ಇರಬೇಕು.

ಪದಕುತೂಹಲಿ:

ಮೆಕ್ಸಿಕೊದಲ್ಲೂ ಈ ವಾದ ನಡೆಯುತ್ತಲೇ ಇರುತ್ತದೆ. ಇದು ದಾಸ್ಯದ ಪಳೆಯುಳಿಕೆ, ಮಕ್ಕಳಿಗೆ ಕಲಿಸಬೇಡಿ ಅನ್ನುವವರಿದ್ದಾರೆ. ಆದರೆ ಒಂದು ತೊಡಕಿದೆ. ‘ಮಂದೆ ಉಸ್ತೇದ್’ ಅನ್ನುವುದು ಸ್ಪೇನ್‌ನಲ್ಲೇ ಇದ್ದ ಮಾತು. ಹಳ್ಳಿ ಕಡೆ ಹಳಬರು ಈಗಲೂ ಅನ್ನುತ್ತಾರೆ. ಅತ್ತ ವೆನೆಟೊದ ‘ಕೊಮಾಂದಿ’ಯನ್ನು ಮಿಲಾನ್ ಮೇಡಂ ಹೇಳಿದರು, ಅಲ್ಲಿ ಯಾವ ವಸಾಹತೂ ಇರಲಿಲ್ಲ. ಹಾಗಾಗಿ ಗೆದ್ದವರು ಸೋತವರಿಗಾಗಿಯೇ ಹೊಸೆದ ಪದ ಅಂತ ಹೇಳಲಾಗುವುದಿಲ್ಲ. ಇದ್ದ ಪದವನ್ನು ಯಾರು ಯಾರ ಮುಂದೆ ಅನ್ನಬೇಕಾಯಿತು ಅನ್ನುವುದು ಬೇರೆ ವಿಷಯ. ಅಲ್ಲಿ ನಿಮ್ಮ ಮಾತಿಗೆ ನನ್ನ ಸಹಮತ.

ಅಲೆಮಾರಿ_ಹಾಸನ:

ಕೆಂಪುಮಣ್ಣು ಅವರೇ, ನಿಮ್ಮ ‘ಎರಡೂ ಕಡೆಗೆ ಹರಿಯುತ್ತದಾ’ ಅನ್ನುವುದನ್ನು ಓದಿದ ಮೇಲೆ ಮೂರು ದಿನ ಕಿವಿಗೊಟ್ಟೆ. ಕೆಳಗಿನ ಮನೆ ಹುಡುಗ ಅಜ್ಜಿಯನ್ನು ಕೂಗಿದ. ಅಜ್ಜಿ ಒಲೆ ಮುಂದಿನಿಂದ ‘ಮಂದೆ, ಇಹೊ?’ ಅಂದರು. ಏನಪ್ಪಾ ಮಗನೇ ಅಂತ. ಮನೆಯೊಳಗೆ ಎರಡೂ ಕಡೆ ಹರಿಯುತ್ತದೆ. ಆಫೀಸಿನಲ್ಲಿ ಮಾತ್ರ ನಿಮ್ಮ ಮಾತೇ ನಿಜ. ಕಸ ಗುಡಿಸುವಾಕೆ ಮ್ಯಾನೇಜರಿಗೆ ‘ಮಂದೆ’ ಅಂದರು. ಮ್ಯಾನೇಜರು ಆಕೆಗೆ ‘ಕೇ?’ ಅಂದ.

ಕೆಂಪುಮಣ್ಣು:

ನೋಡಿದ್ರಾ.

ಕಡಲತಡಿ:

ನಾನು ಕಾರವಾರದವಳು, ಮನೆಮಾತು ಕೊಂಕಣಿ. ಗೋವಾದಲ್ಲಿ ಓದುವಾಗ ಪೋರ್ಚುಗೀಸ್ ಕಲಿತೆ. ಇಲ್ಲಿ ಯಾರೂ ಮುಟ್ಟದ ಒಂದು ವಿಷಯ ಇದೆ. ನನಗೆ ಅದೇ ಎಲ್ಲಕ್ಕಿಂತ ಚಂದ ಅನ್ನಿಸುತ್ತದೆ.

ಪೋರ್ಚುಗೀಸ್‌ನಲ್ಲಿ ‘ಮಂದಾರ್’ ಪಕ್ಕದಲ್ಲಿ ಇನ್ನೊಂದು ಕ್ರಿಯಾಪದ ಇಟ್ಟರೆ ಅದು ನಮ್ಮ ‘ಇಸು’ ಪ್ರತ್ಯಯದ ಕೆಲಸ ಮಾಡುತ್ತದೆ. ‘ಮಂದಾರ್ ಫಝೇರ್’ ಅಂದರೆ ಮಾಡಿಸು. ‘ಮಂದಾರ್ ಶಮಾರ್’ ಅಂದರೆ ಕರೆಸು. ‘ಮಂದಾರ್ ಲವಾರ್’ ಅಂದರೆ ಒಗೆಸು. ‘ಮಂದಾರ್ ವೀರ್’ ಅಂದರೆ ತರಿಸು. ತರಗತಿಯಲ್ಲಿದ್ದ ಒಬ್ಬ ಇಂಗ್ಲಿಷ್ ಹುಡುಗನಿಗೆ ಇದು ತಲೆಗೆ ಹತ್ತಲೇ ಇಲ್ಲ. ಟೈಲರಿಗೆ ಕೊಟ್ಟು ಹೊಲಿಸಿದ ಅಂಗಿಯನ್ನು ‘ನಾನು ಅಂಗಿ ಹೊಲಿದೆ’ ಅಂತಲೇ ಬರೆಯುತ್ತಿದ್ದ. ನನಗೆ ಒಂದು ನಿಮಿಷ ಹಿಡಿಯಲಿಲ್ಲ. ಹೊಲಿ, ಹೊಲಿಸು. ಮುಗೀತು.

ಈಗ ಹಳೆ ಗೋವಾಕ್ಕೆ ಬನ್ನಿ. ಪೋರ್ಚುಗೀಸರ ಕೋಟೆ, ಚರ್ಚು, ಸಮಾಧಿಗಳ ಕಲ್ಲುಬರಹದಲ್ಲಿ ಪದೇ ಪದೇ ಸಿಗುವ ಮಾತು ‘ಮಂದೋ ಫಝೇರ್’, ಇಂಥವನು ಇದನ್ನು ಮಾಡಿಸಿದ. ಘಟ್ಟ ಹತ್ತಿ ಈಚೆ ಬಂದರೆ ನಮ್ಮ ಶಾಸನಗಳಲ್ಲೂ ಅದೇ ಕಥೆ. ಕೆರೆ ಕಟ್ಟಿಸಿದ, ಬಸದಿ ಮಾಡಿಸಿದ, ಕಲ್ಲು ನಿಲ್ಲಿಸಿದ. ಕಲ್ಲು ಹೊತ್ತವನ ಹೆಸರು ಅಲ್ಲೂ ಇಲ್ಲ, ಇಲ್ಲೂ ಅಪರೂಪ. ಅವರು ಒಂದು ಪೂರ್ತಿ ಕ್ರಿಯಾಪದದಲ್ಲಿ ಹೇಳಿದ್ದನ್ನು ನಾವು ‘ಇಸು’ ಎಂಬ ಎರಡಕ್ಷರದಲ್ಲಿ ಹೇಳುತ್ತೇವೆ. ಆಳುವುದು ಅಂದರೆ ಕೊನೆಗೆ ಅಷ್ಟೇ ತಾನೇ. ತಾನು ಮಾಡುವುದಲ್ಲ, ಮಾಡಿಸುವುದು.

ಪದಕುತೂಹಲಿ:

ಮೇಡಂ, ಇದು ನನಗೆ ಹೊಳೆದೇ ಇರಲಿಲ್ಲ. ಇದಕ್ಕೊಂದು ಬಾಲಂಗೋಚಿ ಸೇರಿಸುತ್ತೇನೆ. ಲ್ಯಾಟಿನ್ ಅಮೆರಿಕದಲ್ಲಿ ಯಾವುದಾದರೂ ಒಬ್ಬರಿಗೆ ಸರಿಯಾಗಿ ಹೊಂದಿದರೆ ‘ಕೊಮೊ ಮಂದಾದೊ ಆ ಅಸೇರ್’ ಅನ್ನುತ್ತಾರೆ. ಕನ್ನಡದಲ್ಲಿ ‘ಹೇಳಿ ಮಾಡಿಸಿದ ಹಾಗಿದೆ’. ಪದಕ್ಕೆ ಪದ ಕೂತಿದೆ. ಯಾರೂ ಯಾರಿಂದಲೂ ಕದ್ದಿದ್ದಲ್ಲ.

ಸುಮ್ನೆ_ಓದುಗ:

ಹಾಗಾದರೆ ಗೋವಾದ ಮಾಂಡೋವಿ ನದಿಯೂ ಮಂದಾರ್‌ನಿಂದ ಬಂದದ್ದಾ?

ಕಡಲತಡಿ:

ಅಯ್ಯೋ ಇಲ್ಲ. ಅದು ನಮ್ಮ ಮಹದಾಯಿ. ಖಾನಾಪುರ ತಾಲೂಕಿನ ಭೀಮಗಡದ ಕಾಡಲ್ಲಿ ಹುಟ್ಟುವ ಹೊಳೆ. ಪೋರ್ಚುಗೀಸರು ಗೋವಾಕ್ಕೆ ಬಂದದ್ದು 1510ರಲ್ಲಿ. ಹೊಳೆ ಅವರ ಅಪ್ಪಣೆ ಕೇಳಿ ಹರಿಯಲು ಶುರು ಮಾಡಿದ್ದಲ್ಲ!

ಕೋರ್ಟುಕಟ್ಟೆ:

ವಕೀಲ ನಾನು. ಮೇಲಿನದನ್ನೆಲ್ಲ ಓದಿ ನಗು ಬಂತು. ಯಾಕೆಂದರೆ ಈ ಕ್ರಿಯಾಪದವನ್ನು ನಾವು ಹೈಕೋರ್ಟಿನಲ್ಲಿ ದಿನಾ ಬಳಸುತ್ತೇವೆ, ಅದೂ ಅಪ್ಪಟ ಲ್ಯಾಟಿನ್‌ನಲ್ಲಿ. ಮ್ಯಾಂಡಮಸ್ ರಿಟ್. ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟು, 32ನೇ ವಿಧಿಯಡಿ ಸುಪ್ರೀಂ ಕೋರ್ಟು ಕೊಡುವಂಥದ್ದು. ‘ಮಂದಾಮುಸ್’ ಅಂದರೆ ‘ನಾವು ಆಜ್ಞಾಪಿಸುತ್ತೇವೆ’. ಇಂಗ್ಲೆಂಡಿನ ರಾಜನ ‘ನಾವು’ ಅದು. ಒಂಟಿ ಮನುಷ್ಯ ತನ್ನನ್ನು ಬಹುವಚನದಲ್ಲಿ ಕರೆದುಕೊಳ್ಳುತ್ತಿದ್ದ ಕಾಲದ್ದು.

ಈಗ ಅದು ಯಾರಿಗೆ ಉಪಯೋಗ ಗೊತ್ತಾ? ಹೋದ ವರ್ಷ ನಿವೃತ್ತ ಟೀಚರೊಬ್ಬರು ಬಂದಿದ್ದರು. ಪಿಂಚಣಿ ಕಡತ ಒಂದು ಕಚೇರಿಯಲ್ಲಿ ಮೂರು ವರ್ಷದಿಂದ ಕೂತಿತ್ತು. ಪ್ಲಾಸ್ಟಿಕ್ ಕವರಿನಲ್ಲಿ ಹನ್ನೊಂದು ಅರ್ಜಿಗಳ ನಕಲು, ಪ್ರತಿಯೊಂದಕ್ಕೂ ಸ್ವೀಕೃತಿ ಮುದ್ರೆ. ಮ್ಯಾಂಡಮಸ್ ಕೇಳಿದೆವು, ಸಿಕ್ಕಿತು. ಆರು ವಾರದಲ್ಲಿ ಹಣ ಬಂತು. ರಾಜ ಪ್ರಜೆಗೆ ಮಾಡುತ್ತಿದ್ದ ಅಪ್ಪಣೆ ಉಲ್ಟಾ ತಿರುಗಿ ಟೀಚರಮ್ಮನ ಪರವಾಗಿ ಸರ್ಕಾರಿ ಮೇಜಿಗೆ ಹೋಯಿತು.

ರಿಮ್ಯಾಂಡ್, ಡಿಮ್ಯಾಂಡ್, ರೆಕಮೆಂಡ್ ಎಲ್ಲ ಇದೇ ಬಳ್ಳಿಯ ಕಾಯಿಗಳು. ಇವುಗಳಲ್ಲಿ ಡಿಮ್ಯಾಂಡ್ ಬಲು ಮೋಸದ್ದು. ಫ್ರೆಂಚರ ‘ದ್‌ಮಾಂದೇ’ ಅಂದರೆ ಸುಮ್ಮನೆ ಕೇಳುವುದು, ವಿನಂತಿಸುವುದು. ಇಂಗ್ಲಿಷಿಗೆ ಬರುವಷ್ಟರಲ್ಲಿ ಹಟ ಹಿಡಿದು ಕೇಳುವುದಾಯಿತು. ಕನ್ನಡದ ಬೀದಿಗೆ ಬಂದ ಮೇಲೆ ‘ಅವನಿಗೀಗ ಭಾರೀ ಡಿಮ್ಯಾಂಡು’ ಅಂತ ಕೇಳಿಸಿಕೊಳ್ಳುವವನ ಪಾಲಾಯಿತು.

ಕಾಲುವೆ_ಕೊನೆ:

ಸರ್, ಒಂದು ಬಿಟ್ಟಿರಿ. ಕಮಾಂಡ್ ಏರಿಯಾ. ಕನ್ನಡದಲ್ಲಿ ಅಚ್ಚುಕಟ್ಟು. ಕಾಲುವೆಯಿಂದ ನೀರು ತಾನಾಗಿ ಇಳಿದು ಹೋಗಬಲ್ಲ ಜಮೀನಿಗೆಲ್ಲ ಎಂಜಿನಿಯರುಗಳು ‘ಕಮಾಂಡ್’ ಅನ್ನುತ್ತಾರೆ. ಕಾಲುವೆ ಎತ್ತರದಲ್ಲಿ ನಿಂತು ಹೊಲಗಳನ್ನು ಆಳುತ್ತದೆ ಅನ್ನುವ ಲೆಕ್ಕ. ಕೋಟೆ ಮೇಲಿನ ಫಿರಂಗಿ ಬಯಲನ್ನು ಆಳಿದ ಹಾಗೆ.

ನಮ್ಮ ನಾಲ್ಕು ಎಕರೆ ನಕ್ಷೆಯಲ್ಲಿ ಕಮಾಂಡ್ ಒಳಗೇ ಇದೆ. ಆದರೆ ನಾವಿರುವುದು ಕಾಲುವೆಯ ಕೊನೆಯಲ್ಲಿ. ಮೇಲಿನವರು ಭತ್ತಕ್ಕೆ ಕಟ್ಟಿಕೊಂಡು ಉಳಿದರೆ ನಮಗೆ. ಮೊನ್ನೆ ರಾತ್ರಿ ಎರಡಕ್ಕೆ ಟಾರ್ಚ್ ಹಿಡಿದು ಹೋದೆ. ತೂಬಿನಲ್ಲಿ ನೀರಿಲ್ಲ, ಒಂದು ಏಡಿ ಕೂತಿತ್ತು.

‘ಅಚ್ಚುಕಟ್ಟು’ ಪದ ನೋಡಿ, ಎಷ್ಟು ಅಚ್ಚುಕಟ್ಟಾಗಿದೆ. ಅದರಲ್ಲಿ ಯಾರೂ ಯಾರಿಗೂ ಅಪ್ಪಣೆ ಮಾಡುತ್ತಿಲ್ಲ.

ಸುಮ್ನೆ_ಓದುಗ:

ಇಷ್ಟು ಜನ ಬರೆದಿರಿ, ಹೈಕಮಾಂಡ್ ಅಂತ ಒಬ್ಬರೂ ಅನ್ನಲಿಲ್ಲವಲ್ಲ! ಲ್ಯಾಟಿನ್ ಕ್ರಿಯಾಪದ ಕನ್ನಡ ಪೇಪರಿನಲ್ಲಿ ಜಾಸ್ತಿ ಕಾಣುವುದು ಅಲ್ಲೇ. ‘ಹೈಕಮಾಂಡ್ ಬುಲಾವ್’ ಅಂದರೆ ಎಲ್ಲ ಪಕ್ಷದವರೂ ದಿಲ್ಲಿ ವಿಮಾನ ಹತ್ತುತ್ತಾರೆ.

ಪದಕುತೂಹಲಿ:

ಅಲ್ಲೂ ‘ಮಂದೆ?’ ಅಂತಲೇ ಹೋಗುವುದು. ಎರಡೂ ಅರ್ಥದಲ್ಲಿ. ರಾಜಕೀಯ ಇಲ್ಲಿಗೇ ಸಾಕು, ವಿಷಯಾಂತರ ಆಗುತ್ತದೆ.

ಇದಕ್ಕಿಂತ ಮಜಾ ಇರುವುದೊಂದು ಹೇಳುತ್ತೇನೆ. ಪೋರ್ಚುಗೀಸರು 1511ರಲ್ಲಿ ಮಲಾಕ್ಕಾ ಹಿಡಿದರು. ಅಲ್ಲಿನ ಮಲಯ ಭಾಷೆಯಲ್ಲಿ ದೊಡ್ಡ ಅಧಿಕಾರಿಗೆ ‘ಮೆಂತೆರಿ’ ಅನ್ನುತ್ತಿದ್ದರು. ಗುರುತು ಸಿಕ್ಕಿತಾ? ಮಂತ್ರಿ. ಸಂಸ್ಕೃತದಿಂದ ಹಡಗು ಹತ್ತಿ ಹೋದದ್ದು. ಅಧಿಕಾರಿ ಅಂದ ಮೇಲೆ ಅಪ್ಪಣೆ ಮಾಡುವವನು ತಾನೇ, ಪೋರ್ಚುಗೀಸರ ಕಿವಿಗೆ ಅದು ತಮ್ಮ ‘ಮಂದಾರ್’ ಹಾಗೆ ಕೇಳಿಸಿತು. ‘ಮಂತ್ರಿ’ಯ ‘ತ’ ಹೋಗಿ ‘ದ’ ಬಂದು ‘ಮಂದರಿಂ’ ಆಯಿತು. ಚೀನಾದ ಅಧಿಕಾರಿಗಳಿಗೂ ಅದೇ ಹೆಸರು ಹಚ್ಚಿದರು. ಇಂಗ್ಲಿಷಿಗೆ ಬಂದು ಮ್ಯಾಂಡರಿನ್. ಆಮೇಲೆ ಅಧಿಕಾರಿಗಳು ಆಡುವ ಭಾಷೆಗೂ ಮ್ಯಾಂಡರಿನ್ ಅಂದರು. ಚೀನೀಯರು ಅವರನ್ನು ‘ಗ್ವಾನ್’ ಅನ್ನುತ್ತಿದ್ದರು, ಪಾಪ ಅವರಿಗೆ ಈ ಮಂತ್ರಿಯೂ ಗೊತ್ತಿಲ್ಲ, ಮಂದಾರ್ ಕೂಡ ಗೊತ್ತಿಲ್ಲ.

ಕಿತ್ತಳೆತೋಟ:

ಅಣ್ಣಾ, ನಿಲ್ಲಿ ನಿಲ್ಲಿ. ನಮ್ಮ ಕೊಡಗಿನ ಕಿತ್ತಳೆಗೆ ತೋಟಗಾರಿಕೆಯವರು ‘ಕೂರ್ಗ್ ಮ್ಯಾಂಡರಿನ್’ ಅನ್ನುತ್ತಾರೆ. ಚೆಟ್ಟಳ್ಳಿಯ ಸಂಶೋಧನಾ ಕೇಂದ್ರದವರು ಕೊಡುವ ಸಸಿಯ ಚೀಟಿಯಲ್ಲೂ ಮ್ಯಾಂ‌ಡರಿನ್ ಅಂತಲೇ. ಅದೂ ಇದೇನಾ?

ಪದಕುತೂಹಲಿ:

ಅದೇ. ಆ ಅಧಿಕಾರಿಗಳ ನಿಲುವಂಗಿಯ ಬಣ್ಣದಿಂದ ಹಣ್ಣಿಗೆ ಆ ಹೆಸರು ಬಂತು ಅಂತ ಹೇಳುತ್ತಾರೆ.

ಕಿತ್ತಳೆತೋಟ:

ಅಂದರೆ ಇಲ್ಲಿಂದ ಮಂತ್ರಿಯಾಗಿ ಹೋದವನು ಮಲಾಕ್ಕಾ, ಲಿಸ್ಬನ್, ಚೀನಾ ಎಲ್ಲ ಸುತ್ತಿ ಕಾಫಿ ತೋಟದ ನಡುವೆ ಕಿತ್ತಳೆಯಾಗಿ ಬಂದು ನಿಂತ. ಬಂದವನು ಸುಖವಾಗಿಲ್ಲ ಅನ್ನುವುದೇ ಬೇಜಾರು. ಎಲೆ ಹಳದಿಯಾಗುವ ಗ್ರೀನಿಂಗ್ ರೋಗ ಬಂದು ನಮ್ಮ ತಂದೆ ನೆಟ್ಟ ಮರಗಳಲ್ಲಿ ಉಳಿದಿರುವುದು ಆರು. ಆದರೂ ಆ ಸಿಪ್ಪೆ ಸಡಿಲ ಇರುವ, ಒಗರು ಮಿಶ್ರಿತ ಹುಳಿಸಿಹಿ ಬೇರೆ ಯಾವ ಹಣ್ಣಿಗೂ ಬರಲ್ಲ.

ಕಡಲತಡಿ:

ನಮ್ಮ ಮನೆಯಲ್ಲಿ ಈ ಪದಕ್ಕೆ ಒಂದು ವಾರ್ಷಿಕ ಹಬ್ಬವೇ ಇದೆ. ಈಸ್ಟರ್ ಹಿಂದಿನ ಗುರುವಾರಕ್ಕೆ ಇಂಗ್ಲಿಷಿನಲ್ಲಿ ‘ಮಾಂಡಿ ಥರ್ಸ್‌ಡೇ’ ಅನ್ನುತ್ತಾರಲ್ಲ. ಯೇಸು ಶಿಷ್ಯರಿಗೆ ‘ಹೊಸ ಆಜ್ಞೆ’ ಕೊಟ್ಟ ದಿನ. ಲ್ಯಾಟಿನ್ ಬೈಬಲಿನಲ್ಲಿ ‘ಮಂದಾತುಮ್ ನೊವುಮ್’, ಆ ‘ಮಂದಾತುಮ್’ ಸವೆದು ‘ಮಾಂಡಿ’ ಆಯಿತು. ಆಜ್ಞೆ ಏನು ಅಂದರೆ ಒಬ್ಬರನ್ನೊಬ್ಬರು ಪ್ರೀತಿಸಿ ಅಂತ. ಅವತ್ತು ಚರ್ಚಿನಲ್ಲಿ ಪಾದ್ರಿಗಳು ಹನ್ನೆರಡು ಜನರ ಪಾದ ತೊಳೆಯುತ್ತಾರೆ. ಒಂದು ವರ್ಷ ನಮ್ಮಪ್ಪನ ಸರದಿ. ದೋಣಿ ಕೆಲಸದ ಕಾಲು, ಬಿರುಕು ಬಿಟ್ಟಿದ್ದು. ಪಾದ್ರಿಗಳು ತೊಳೆಯುವ ಮುಂಚೆ ಮನೆಯಲ್ಲಿ ಲೈಫ್‌ಬಾಯ್ ಹಾಕಿ ಮೂರು ಸಲ ತಾವೇ ತಿಕ್ಕಿ ತೊಳೆದುಕೊಂಡಿದ್ದರು.

ಮಿಲಾನ್_ಮಲ್ಲಿಗೆ:

ಒಂದು ಸಂಶಯ. ಆಳುವುದಕ್ಕೆ ಲ್ಯಾಟಿನ್‌ನಲ್ಲಿ ಬೇರೆ ಪದಗಳೂ ಇದ್ದವಲ್ಲ. ‘ರಾಜ’ನ ನೆಂಟ ‘ರೆಕ್ಸ್’ ಕಡೆಯದು?

ಪದಕುತೂಹಲಿ:

ಇತ್ತು, ‘ರೆಗೆರೆ’. ನೆಟ್ಟಗೆ ನಡೆಸು ಅನ್ನುವ ಅರ್ಥ, ನಮ್ಮ ‘ಋಜು’ ಅದಕ್ಕೆ ಬಂಧು. ಆದರೆ ಅದು ಮನೆಮಾತಿನಲ್ಲಿ ಅಷ್ಟು ಬದುಕಲಿಲ್ಲ. ಇಟಾಲಿಯನ್‌ನ ‘ರೆಜ್ಜೆರೆ’ ಈಗ ಭಾರ ತಡೆಯುವುದು, ಎತ್ತಿ ಹಿಡಿಯುವುದು. ಪೋರ್ಚುಗೀಸ್‌ನ ‘ರೆಝೇರ್’ ಹೆಚ್ಚಾಗಿ ವಾದ್ಯವೃಂದ ನಡೆಸುವುದು. ಪೋರ್ಚುಗೀಸರ ಗೋವಾದಲ್ಲಿ ಹಳ್ಳಿಯ ಮುಖ್ಯಸ್ಥನಿಗೆ ‘ರೆಜೆದೋರ್’ ಅನ್ನುತ್ತಿದ್ದರು, ಅದೂ ಈ ಮನೆತನವೇ. ಇನ್ನೊಂದು ‘ಗುಬೆರ್ನಾರೆ’. ಮೂಲದಲ್ಲಿ ಹಡಗು ನಡೆಸುವುದು, ಗ್ರೀಕರಿಂದ ಬಂದದ್ದು. ಗೌರ್ಮೆಂಟು, ಗೌರ್ನರ್ ಅದರದೇ. ನಮ್ಮ ಪೇಪರಿನವರು ‘ಅಧಿಕಾರದ ಚುಕ್ಕಾಣಿ’ ಅಂತ ಬರೆಯುವಾಗ ಅದೇ ಹಡಗು ಹತ್ತುತ್ತಾರೆ.

ಆದರೆ ಹೊಟ್ಟೆಪಾಡಿನ ದಿನಬಳಕೆಗೆ ಉಳಿದದ್ದು ‘ಮಂದಾರ್’. ಸರ್ಕಾರ ‘ಗೊಬೆರ್ನಾರ್’ ಮಾಡಬಹುದು, ಮನೆಯಲ್ಲಿ ಅಡುಗೆಮನೆಯಲ್ಲಿ ದೋಣಿಯಲ್ಲಿ ನಡೆಯುವುದು ‘ಮಂದಾರ್’. ಕ್ಯಾಪ್ಟನ್ ಅಪ್ಪಣೆ ಮಾಡುವ ಕಡೆ ನಾವಿಕನ ಅಪ್ಪಣೆ ನಡೆಯಲ್ಲ ಅಂತ ಸ್ಪ್ಯಾನಿಷ್ ಗಾದೆಯೂ ಇದೆ.

ಅಲೆಮಾರಿ_ಹಾಸನ:

ಇವತ್ತು ಇಲ್ಲಿನ ಪೇಪರಿನಲ್ಲಿ ಅಧ್ಯಕ್ಷರಿಗೆ ‘ಮಂದತಾರಿಯೊ’ ಅಂತ ಬರೆದಿದ್ದರು. ಅಂದರೆ ಅಪ್ಪಣೆ ಮಾಡುವವರು ಅಂತಾನಾ?

ಕೋರ್ಟುಕಟ್ಟೆ:

ಅದನ್ನು ನಾನು ಹೇಳುತ್ತೇನೆ, ಕಾನೂನಿನ ಪದ ಅದು. ಅಪ್ಪಣೆ ಕೊಡುವವನು ‘ಮಂದಾಂತೆ’. ಆ ಅಪ್ಪಣೆಯನ್ನು ಕೈಯಲ್ಲಿ ತೆಗೆದುಕೊಂಡು ಕೆಲಸ ಮಾಡುವವನು ‘ಮಂದತಾರಿಯೊ’. ನೀವು ಜಮೀನು ಮಾರಲು ಯಾರಿಗಾದರೂ ಮುಖ್ತಾರ್‌ನಾಮೆ ಬರೆದುಕೊಟ್ಟರೆ ನೀವು ಮಂದಾಂತೆ, ಆತ ಮಂದತಾರಿಯೊ. ಅಂದರೆ ಅಧ್ಯಕ್ಷರು ಹೇಳುವವರಲ್ಲ, ಹೇಳಿಸಿಕೊಂಡವರು. ಓದುವವರು ಉಲ್ಟಾ ತಿಳಿದುಕೊಳ್ಳುತ್ತಾರೆ, ಆ ಸ್ಥಾನದಲ್ಲಿ ಕೂತವರೂ.

ಕೆಂಪುಮಣ್ಣು:

ಮೆಕ್ಸಿಕೊದ ಚಿಯಾಪಾಸ್‌ನಲ್ಲಿ ಜಪಾಟಿಸ್ಟರು 1994ರ ಜನವರಿ 1ರಂದು ದಂಗೆ ಎದ್ದರಲ್ಲ, ಅವರ ಹಳ್ಳಿಗಳ ದಾರಿಯಲ್ಲಿ ಒಂದು ಫಲಕ ಇರುತ್ತದೆ. ‘ಇಲ್ಲಿ ಜನ ಮಂದಾ, ಸರ್ಕಾರ ಒಬೆದೆಸೆ’ ಅಂತ. ಜನ ಹೇಳುತ್ತಾರೆ, ಸರ್ಕಾರ ಕೇಳುತ್ತದೆ. ಅಲ್ಲಿರುವವರೂ ಹೆಚ್ಚಾಗಿ ಮಾಯಾ ಅನ್ನುವ ಮೂಲನಿವಾಸಿಗಳೇ. ‘ಮಂದೆ’ ಅಂತ ತಲೆ ಬಗ್ಗಿಸಿದವರೇ ಅದೇ ಕ್ರಿಯಾಪದ ಎತ್ತಿಕೊಂಡು ಬೋರ್ಡು ಬರೆದರು.

ಶಾಲೆಮೇಷ್ಟ್ರು:

ನಿಮ್ಮ ಅನುವಾದ ಎಷ್ಟು ಸರಿಯಾಗಿದೆ ನೋಡಿ. ‘ಒಬೆದೆಸೆ’ಯ ಹಿಂದಿರುವ ಲ್ಯಾಟಿನ್ ಪದದಲ್ಲಿ ಇರುವುದು ಕಿವಿಗೆ ಸಂಬಂಧಿಸಿದ ‘ಔದೀರೆ’, ಕೇಳು ಅಂತ. ಆಡಿಯೊ ಅಲ್ಲಿಂದಲೇ. ಕನ್ನಡದಲ್ಲೂ ವಿಧೇಯತೆ ಅಂದರೆ ಮಾತು ಕೇಳುವುದು. ಯಜಮಾನ ಇಲ್ಲದ ಮನೆ ಅಂದರೆ ‘ಹೇಳೋರಿಲ್ಲ ಕೇಳೋರಿಲ್ಲ’.

ಇನ್ನು ನಮ್ಮ ‘ಆಳು’. ಕ್ರಿಯಾಪದವಾದರೆ ರಾಜನ ಕೆಲಸ, ನಾಮಪದವಾದರೆ ಕೂಲಿಯವನು. ‘ಆಳಾಗಬಲ್ಲವನು ಅರಸಾಗಬಲ್ಲ’ ಅನ್ನುವ ಗಾದೆಯನ್ನು ಬೋರ್ಡಿನ ಮೇಲೆ ಬರೆದು ನಾಲ್ಕನೇ ಕ್ಲಾಸಿನ ಮಕ್ಕಳಿಗೆ ಅರ್ಥ ಕೇಳಿದ್ದೆ. ಒಬ್ಬಳು ಎದ್ದು ನಿಂತು, ‘ಸಾರ್, ಎರಡು ಆಳೂ ಒಂದೇ ಸ್ಪೆಲ್ಲಿಂಗ್, ಯಾವ್ದು ಯಾರು ಅಂತ ಹೆಂಗೆ ಗೊತ್ತಾಗತ್ತೆ?’ ಅಂದಳು. ಬೆಲ್ ಹೊಡೆಯಿತು, ಬಚಾವಾದೆ.

ಕೆಂಪುಮಣ್ಣು:

ಮೇಷ್ಟ್ರೇ, ಆ ಹುಡುಗಿಗೆ ನನ್ನ ಕಡೆಯಿಂದ ಒಂದು ಕಿತ್ತಳೆ ಕೊಡಿ. ಲೆಕ್ಕ ಕಿತ್ತಳೆತೋಟದವರದು.

ಅಲೆಮಾರಿ_ಹಾಸನ:

ಎಲ್ಲರಿಗೂ ಥ್ಯಾಂಕ್ಸ್. ಕೇಳಿದ್ದು ಒಂದು, ಸಿಕ್ಕಿದ್ದು ಬುಟ್ಟಿ ತುಂಬ. ಕೊನೆಗೆ ಇವತ್ತಿನ ಸುದ್ದಿ. ಬೆಳಿಗ್ಗೆ ಅಮ್ಮನ ವಿಡಿಯೊ ಕಾಲ್ ಬಂತು. ಅಲ್ಲಿ ರಾತ್ರಿ, ಕರೆಂಟು ಹೋಗಿ ನೆಟ್‌ವರ್ಕ್ ತುಂಡು ತುಂಡಾಗಿ ಬರುತ್ತಿತ್ತು. ಅಮ್ಮ ಏನೋ ಕೇಳಿದರು, ನನಗೆ ಕೇಳಿಸಲಿಲ್ಲ. ಎಂಟು ತಿಂಗಳ ಅಭ್ಯಾಸ ನೋಡಿ, ಬಾಯಿಗೆ ‘ಮಂದೆ?’ ಅಂತಲೇ ಬಂತು.

ಆ ಕಡೆ ಒಂದು ಕ್ಷಣ ಸದ್ದಿಲ್ಲ. ಆಮೇಲೆ ಅಮ್ಮ ಹಿಂದೆ ತಿರುಗಿ ಅಪ್ಪನಿಗೆ ಹೇಳುತ್ತಿದ್ದುದು ಕೇಳಿಸಿತು: ‘ರೀ, ಇವ್ನು ಅಲ್ಲಿ ಕುರಿ ಕಟ್ಟಿದಾನಂತೆ ಕಣ್ರೀ. ಆಫೀಸ್ ಕೆಲ್ಸ ಹೋಯ್ತೋ ಏನೋ!’